ಸೀಟ್ ಬೆಲ್ಟಿನ ಮೇಲೊಂದು ಗುರುತು

ಮೇ ೬, ಸೋಮವಾರ

ಅಪ್ಪನಿಗೆ ಗುದನಾಳದ ಕ್ಯಾನ್ಸರ್. ಇದು ನನಗೆ ಗೊತ್ತು, ಅಣ್ಣನಿಗೆ ಗೊತ್ತು, ಅಮ್ಮನಿಗೆ ಗೊತ್ತು, ಸಂಜೆಯೊಳಗೆ ಪಕ್ಕದ ಮನೆಯವರಿಗೂ ಗೊತ್ತಾಗಿದೆ. ಅಪ್ಪನಿಗೆ ಮಾತ್ರ ಯಾರೂ ಹೇಳಿಲ್ಲ. ಇದು ಕಳ್ಳತನ. ಒಬ್ಬ ಮನುಷ್ಯನ ಹೊಟ್ಟೆಯೊಳಗಿನ ಸುದ್ದಿಯನ್ನು ಅವನಿಂದಲೇ ಕದಿಯುವುದಕ್ಕೆ ಬೇರೆ ಹೆಸರಿಲ್ಲ.

ರಿಪೋರ್ಟು ಕೈಗೆ ಬಂದ ಕೂಡಲೇ ನಮ್ಮ ಗಫ್ಸಾ ಊರಿನ ಆಸ್ಪತ್ರೆಯ ಡಾಕ್ಟರು ಅಪ್ಪನತ್ತ ನೋಡಿ ನಕ್ಕು, "ಅಮ್ ಮೊಂಜಿ, ನೀವು ಹೊರಗೆ ಒಂದು ಕಾಫಿ ಕುಡೀತಾ ಇರಿ. ಔಷಧಿ ವಿಷಯ ಮಗನ ಹತ್ರ ಮಾತಾಡ್ತೀನಿ" ಅಂದರು. ಊರೆಲ್ಲ ಅಪ್ಪನನ್ನು ಕರೆಯುವುದೇ ಹಾಗೆ, ಅಮ್ ಮೊಂಜಿ, ಮೊಂಜಿ ಚಿಕ್ಕಪ್ಪ. ಜೀವಮಾನವಿಡೀ ಲುವಾಜ್ ಎಂಬ ಬಾಡಿಗೆ ವ್ಯಾನು ಓಡಿಸಿ, ಎಂಟು ಸೀಟು ತುಂಬಿದ ಹೊರತು ಸ್ಟ್ಯಾಂಡು ಬಿಡದ ಮನುಷ್ಯ, ಆ ಒಂದು ಮಾತಿಗೆ ಎದ್ದು ಹೋದ. ಬಾಗಿಲು ಮುಚ್ಚಿತು. ಡಾಕ್ಟರು ಅಣ್ಣ ಲಸ್ಸಾದನ ಕಿವಿಯ ಹತ್ತಿರ ಹೇಳಿದರು. ನಾನೂ ಅಲ್ಲೇ ನಿಂತಿದ್ದೆ. ನನ್ನನ್ನು ಕೋಣೆಯಲ್ಲಿದ್ದ ಇನ್ನೊಂದು ಕುರ್ಚಿಯಂತೆ ನೋಡಿದರು.

ಹೊರಗೆ ಬಂದ ಲಸ್ಸಾದ್ ಅಪ್ಪನಿಗೆ ಹೇಳಿದ: "ಹಳೇ ಮೂಲವ್ಯಾಧಿಯಂತೆ. ಸ್ವಲ್ಪ ಮೊಂಡು ಜಾತಿದು. ಸ್ಫಾಕ್ಸ್ ದೊಡ್ಡಾಸ್ಪತ್ರೆಗೆ ಹೋಗಿ ಲೇಸರ್ ಹಾಕಿಸಬೇಕಂತೆ."

"ಲೇಸರಾ?" ಅಪ್ಪ ಕಪ್ಪು ಕೆಳಗಿಟ್ಟ. "ನನ್ನ ಹಿಂಭಾಗಕ್ಕೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ ಕಣೋ."

ಮನೆಯಲ್ಲಿ ನಾನು ಕೂಗಾಡಿದೆ. ನಾನು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಲ್ಲಿಗೆ ಬರುವ ಪ್ರತಿ ಕರಪತ್ರದ ಒಂದು ಪ್ರತಿ ನನ್ನ ಮಂಚದಡಿಯ ಪೆಟ್ಟಿಗೆ ಸೇರುತ್ತದೆ. ಗಣಿ ಕಾರ್ಮಿಕರದ್ದು, ಕುಡಿಯುವ ನೀರಿನದ್ದು, ಕೆಲಸವಿಲ್ಲದ ಪದವೀಧರರದ್ದು. 'ರೋಗಿಯ ಹಕ್ಕುಗಳು' ಎಂಬುದೂ ಇದೆ. ಅದನ್ನು ತಂದು ಅಮ್ಮನ ಎದುರು ಗಟ್ಟಿಯಾಗಿ ಓದಿದೆ: ತನ್ನ ಕಾಯಿಲೆಯನ್ನು ಮೊದಲು ತಿಳಿಯುವ ಹಕ್ಕು ರೋಗಿಯದು.

ಅಮ್ಮ ಕೂಸ್‌ಕೂಸ್ ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ. "ಆ ಕಾಗದ ಬರೆದೋರ ಗಂಡಂಗೆ ಬಂದಿತ್ತಾ ಆ ಕಾಯಿಲೆ?" ಅಂದಳು. ಕ್ಯಾನ್ಸರ್ ಎಂಬ ಪದ ಅವಳ ಬಾಯಿಂದ ಬರುವುದಿಲ್ಲ. 'ಆ ಕಾಯಿಲೆ' ಅಷ್ಟೇ. ಆಮೇಲೆ ನನ್ನ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. "ಹೇಳಿದ್ರೆ ನಾನು ಸತ್ತ ಹಾಗೆ, ಬಯ್ಯಾ," ಎಂದು ನನ್ನ ಹೆಸರು ಹಿಡಿದು ಬೇಡಿದಳು.

ಕೈ ಅವಳ ತಲೆಯ ಮೇಲಿದ್ದಾಗ ಏನು ಮಾಡುವುದು? ಒಪ್ಪಿದೆ. ಆದರೆ ಅಪ್ಪನ ಪರವಾಗಿ ಹೋರಾಡುವವರು ಈ ಮನೆಯಲ್ಲಿ ಒಬ್ಬರಾದರೂ ಬೇಕು. ಅದು ನಾನು.

ಮೇ ೨೭, ಸೋಮವಾರ

ಸ್ಫಾಕ್ಸ್‌ನಲ್ಲಿ ಇವತ್ತು ವಿಕಿರಣ ಚಿಕಿತ್ಸೆ ಶುರುವಾಯಿತು. ಲಸ್ಸಾದ್ ಬೇರೆಯವರ ಗಾಡಿಯಲ್ಲಿ ಹೋಗೋಣ ಅಂದ. ಅಪ್ಪ ಕೇಳಲಿಲ್ಲ. "ಹೆಂಗೂ ಹೋಗ್ತಿದೀನಿ, ಖಾಲಿ ಯಾಕೆ ಹೋಗಲಿ" ಎಂದು ನಮ್ಮಿಬ್ಬರನ್ನು ಮುಂದೆ ಕೂರಿಸಿಕೊಂಡು ಉಳಿದ ಸೀಟುಗಳಿಗೆ ಜನ ತುಂಬಿಸಿದ. ರೋಗಿಯೇ ಡ್ರೈವರ್.

ಆಸ್ಪತ್ರೆಯ ಹತ್ತಿರ ಬಂದಾಗ, ಎಲ್ಲಿ ತಿರುಗಬೇಕೆಂದು ಲಸ್ಸಾದ್ ಬಾಯಿ ತೆರೆಯುವ ಮೊದಲೇ ಅಪ್ಪ ತಿರುಗಿಸಿದ್ದ. ಗೇಟಿನ ಪಕ್ಕದ ಗೋಡೆಯ ಮೇಲೆ ಆಳೆತ್ತರದ ಅಕ್ಷರ: ಕ್ಯಾನ್ಸರ್ ಚಿಕಿತ್ಸಾ ವಿಭಾಗ. ಲಸ್ಸಾದ್ ಗಾಡಿಯಿಂದ ಹಾರಿ, ಜಾಕೆಟ್ ಬಿಚ್ಚಿ, ಒಣಗಿಸುವವನಂತೆ ಎರಡೂ ಕೈಯಲ್ಲಿ ಹಿಡಿದು ಆ ಪದದ ಮುಂದೆ ನಿಂತ. ಬೆವರು ಸುರಿಯುತ್ತಿತ್ತು.

"ಸೆಖೆನಾ?" ಅಪ್ಪ ಕೇಳಿದ.

"ಗಾಳಿಗೆ, ಅಪ್ಪಾ."

"ಹೂಂ. ಇಲ್ಲಿ ಗಾಳಿ ಚೆನ್ನಾಗಿದೆ" ಎಂದು ಒಳಗೆ ಹೋದ.

ರೋಗಿಯಿಂದ ಬಚ್ಚಿಡಬೇಕಾದ ಪದವನ್ನು ಗೋಡೆಗೆ ಬರೆಸುವ ಸರ್ಕಾರ, ಆ ಗೋಡೆಯನ್ನು ಜಾಕೆಟ್ಟಿನಿಂದ ಮುಚ್ಚುವ ಮಗ. ಈ ದೇಶ ಹೀಗೇ ನಡೆಯುತ್ತಿದೆ.

ಜೂನ್ ೧೬, ಭಾನುವಾರ

ಈದ್. ಕುರಿಯ ಪಿತ್ತಜನಕಾಂಗ ಸುಟ್ಟ ವಾಸನೆ ಬೀದಿ ತುಂಬ. ಅಪ್ಪನಿಗೆ ಒಂದು ತುಂಡು ತಿನ್ನಲಾಗಲಿಲ್ಲ. ಎದ್ದು ಎದ್ದು ಟಾಯ್ಲೆಟ್ಟಿಗೆ ಹೋಗುತ್ತಿದ್ದ. ಸೋದರತ್ತೆ ಮೂಲವ್ಯಾಧಿಗೆ ಅಂಜೂರ ನೆನೆಹಾಕಿ ತಿನ್ನಬೇಕೆಂದು ಉಪದೇಶ ಕೊಟ್ಟಳು. ಅವಳ ಕಣ್ಣು ಅತ್ತು ಕೆಂಪಾಗಿತ್ತು. ಅಪ್ಪ ತಲೆಯಾಡಿಸಿ ಕೇಳಿಸಿಕೊಂಡ. ನಾಟಕದ ಕಂಪನಿಯಲ್ಲಿ ಬದುಕುತ್ತಿದ್ದೇನೆ.

ಆಗಸ್ಟ್ ೨೨, ಗುರುವಾರ

ಇಂಥ ಕಲ್ಲುಹೃದಯದ ಮನುಷ್ಯನನ್ನು ನಾನು ನೋಡಿಲ್ಲ.

ವಿಕಿರಣ ಮುಗಿದು ಬೇಸಿಗೆ ಕಳೆಯಿತು. ಹೊಸ ಸ್ಕ್ಯಾನು ಬಂತು. ಇವತ್ತು ಸ್ಫಾಕ್ಸ್‌ನಲ್ಲಿ ಶಸ್ತ್ರಚಿಕಿತ್ಸಕ ಡಾಕ್ಟರ್ ಸಾಸಿಯನ್ನು ನೋಡಲು ಹೋದೆವು. ಅಪ್ಪನನ್ನು ಎಂದಿನಂತೆ ಕಾಫಿಗೆ ಕಳಿಸಿ ನಾನೂ ಲಸ್ಸಾದನೂ ಒಳಗೆ ಹೋದೆವು. ಡಾಕ್ಟರು ನಿದ್ದೆಗೆಟ್ಟ ಮುಖದ, ಐವತ್ತು ದಾಟಿದ ಮನುಷ್ಯ. ಸ್ಕ್ಯಾನಿನ ಲಕೋಟೆಯ ಹಿಂದೆ ಪೆನ್ನಿನಿಂದ ಕೊಳವೆಯೊಂದನ್ನು ಬರೆದು ತೋರಿಸಿದರು.

ಗಡ್ಡೆ ಕುಗ್ಗಿದೆ, ಆದರೆ ಹೋಗಿಲ್ಲ. ಅದು ಇರುವುದು ತೀರಾ ಕೆಳಗೆ, ಮಲವನ್ನು ತಡೆಹಿಡಿಯುವ ಸ್ನಾಯುವಿನ ಹತ್ತಿರ. ದಾರಿ ಎರಡು. ಒಂದು, ಗಡ್ಡೆಯ ಭಾಗವನ್ನು ತೆಗೆದು, ಮೇಲಿನ ಕರುಳನ್ನು ಕೆಳಗೆ ಸ್ನಾಯುವಿಗೆ ಜೋಡಿಸುವುದು. ಜೋಡಣೆ ಮಾಯುವ ತನಕ ಕೆಲವು ತಿಂಗಳು ಹೊಟ್ಟೆಯ ಮೇಲೆ ಮಲ ಹೊರಬರಲು ಒಂದು ಬಾಯಿ, ಅದಕ್ಕೊಂದು ಚೀಲ, ಆಮೇಲೆ ಆ ಬಾಯಿ ಮುಚ್ಚುತ್ತಾರೆ. ಎರಡು, ಸ್ನಾಯು ಸಮೇತ ಎಲ್ಲವನ್ನೂ ತೆಗೆದು ಕೆಳಗೆ ಹೊಲಿದುಬಿಡುವುದು. ಆಗ ಚೀಲ ಕೊನೆಯ ತನಕ.

"ಗಡ್ಡೆ ಪೂರ್ತಿ ತೆಗೆಯೋ ವಿಷಯದಲ್ಲಿ ನಿಮ್ಮ ತಂದೆಗೆ ಎರಡೂ ಒಂದೇ," ಅಂದರು. "ವ್ಯತ್ಯಾಸ ಇರೋದು ಆಮೇಲಿನ ಬದುಕಲ್ಲಿ. ಇಷ್ಟು ಕೆಳಗೆ ಜೋಡಿಸಿದ್ರೆ, ಮೇಲಾಗಿ ವಿಕಿರಣ ಬೇರೆ ಆಗಿದೆ, ಕೆಲವರಿಗೆ ದಿನವಿಡೀ ಅವಸರ ಬರ್ತಿರುತ್ತೆ, ಹಿಡಿಯೋಕಾಗಲ್ಲ. ಕೆಲವರು ಚೆನ್ನಾಗೇ ಇರ್ತಾರೆ. ಯಾರು ಹೇಗೆ ಅಂತ ನಾನು ಮುಂಚೆ ಹೇಳಲಾರೆ."

ನಾನು ಸುಮ್ಮನಿರಲಿಲ್ಲ. ನನ್ನ ಹತ್ತಿರ ಇಸ್ತಾಂಬುಲ್‌ನ ಒಂದು ಕ್ಲಿನಿಕ್ಕಿನ ಬಣ್ಣದ ಕರಪತ್ರವಿತ್ತು. ಅಲ್ಲಿ ರೋಬೋ ಆಪರೇಷನ್ ಮಾಡುತ್ತದೆ, ರೋಗಿ ನಗುತ್ತಾ ಸಮುದ್ರ ನೋಡುತ್ತಾನೆ. ಅದನ್ನು ಮೇಜಿನ ಮೇಲೆ ಬಡಿದೆ. "ಶ್ರೀಮಂತರಿಗೆ ರೋಬೋ, ನಮ್ಮಂಥವರಿಗೆ ಚೀಲ. ಅಲ್ವಾ ಡಾಕ್ಟ್ರೇ?"

ಅವರು ಕರಪತ್ರ ಓದಿದರು. ಪೂರ್ತಿ ಓದಿದರು. "ಹೊಟ್ಟೆ ಕೊಯ್ದು ಮಾಡಬಹುದು, ಸಣ್ಣ ತೂತುಗಳಿಂದ ಮಾಡಬಹುದು, ರೋಬೋ ಹಿಡಿದೂ ಮಾಡಬಹುದು. ನಾನು ತೂತುಗಳಿಂದ ಮಾಡ್ತೀನಿ, ಬೇಗ ಎದ್ದು ಓಡಾಡ್ತಾರೆ. ಅರ್ಧದಲ್ಲಿ ಹೊಟ್ಟೆ ಕೊಯ್ಯಬೇಕಾಗಿ ಬಂದರೂ ಬರಬಹುದು. ಯಾವುದರಲ್ಲಿ ಮಾಡಿದ್ರೂ ಗಡ್ಡೇನ ಅದರ ಹೊದಿಕೆ ಸಮೇತ, ಸುತ್ತ ಒಂದು ಅಂಚು ಚೊಕ್ಕಟ ಬಿಟ್ಟು ತೆಗೀಬೇಕು, ಕೆಲಸ ಅಷ್ಟೇ. ರೋಬೋ ನನ್ನ ಕೈಗಿಂತ ಚೆನ್ನಾಗಿ ಹೊಲೀಬಹುದಮ್ಮ. ಆದ್ರೆ ಸೋತ ಸ್ನಾಯುವಿಗೆ ಅದು ಬಲ ತುಂಬಲ್ಲ."

"ನಮಗೆ ಚೀಲ ಬೇಡ. ಜೋಡಿಸಿ."

"ನಿಮ್ಮ ತಂದೆ ಹಾಗಂದ್ರಾ?"

"ಅನ್ನಬೇಕಾಗಿಲ್ಲ. ನನಗೆ ಗೊತ್ತು."

"ಅವರೆಲ್ಲಿ?"

"ಕಾಫಿಗೆ," ಲಸ್ಸಾದ್ ಹೇಳಿದ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಮುಂದಿನ ಗುರುವಾರ ಅವರು ಆ ಕುರ್ಚೀಲಿರಬೇಕು. ಏನಾಗಿದೆ ಅಂತ ಗೊತ್ತಿದ್ದು ಇರಬೇಕು. ನೀವು ಹೇಳ್ತೀರೋ ನಾನು ಹೇಳಲೋ, ಯೋಚಿಸಿ. ಕೇಳದೆ ನಾನು ಚಾಕು ಮುಟ್ಟಲ್ಲ."

ಎಂಥ ಕ್ರೌರ್ಯ! ಒಬ್ಬ ದಣಿದ ಮನುಷ್ಯನನ್ನು ಕೂರಿಸಿ, ನಿನಗೆ ಇಂಥದ್ದಾಗಿದೆ, ಹೀಗೆ ಕೊಯ್ಯಲೋ ಹಾಗೆ ಕೊಯ್ಯಲೋ ಎಂದು ಕೇಳುವುದು! ಅಪ್ಪ ಒಡೆದುಹೋಗುತ್ತಾನೆ. ಅವನಿಗೆ ಏನು ಬೇಕೆಂದು ನನಗೆ ಗೊತ್ತಿದೆ ಅಂದರೂ ಈ ಮನುಷ್ಯ ಕೇಳುವುದಿಲ್ಲ. ಬಿಳಿ ಕೋಟಿನ ದರ್ಪ.

ಆಗಸ್ಟ್ ೨೪, ಶನಿವಾರ

ತೀರ್ಮಾನವಾಯಿತು. ಇಸ್ತಾಂಬುಲ್. ಅದರ ಖರ್ಚಿಗೆ ಲಸ್ಸಾದ್ ಅಪ್ಪನ ಗಾಡಿಗೆ ಗಿರಾಕಿ ಹುಡುಕಿದ್ದಾನೆ. ಅಪ್ಪನಿಗೆ, ಗಾಡಿ ರಿಪೇರಿಗೆ ಹೋಗಿದೆ ಎಂದು ಹೇಳುವುದು.

ಮಧ್ಯಾಹ್ನ ಅಂಗಡಿಯಲ್ಲಿ ಜನ ಇಲ್ಲದಾಗ ಒಂದು ಕರಪತ್ರ ಬರೆದೆ. 'ನನ್ನ ತಂದೆಯ ಘನತೆ ಮಾರಾಟಕ್ಕಿಲ್ಲ' ಎಂದು ತಲೆಬರಹ. ಎರಡು ಪುಟ ತುಂಬಿತು. ಆರೋಗ್ಯ ಇಲಾಖೆ, ಡಾಕ್ಟರ್ ಸಾಸಿ, ಬಡವರ ಹೊಟ್ಟೆಗೆ ಚೀಲ ಅಂಟಿಸುವ ವ್ಯವಸ್ಥೆ, ಯಾರನ್ನೂ ಬಿಟ್ಟಿಲ್ಲ. ಓದಿದರೆ ನನಗೇ ಮೈ ಜುಂ ಅನ್ನುತ್ತದೆ.

ಗಿರಾಕಿ ಸೋಮವಾರ ಗಾಡಿ ನೋಡಲು ಬರುತ್ತಾನೆ.

ಆಗಸ್ಟ್ ೨೬, ಸೋಮವಾರ

ಮಧ್ಯಾಹ್ನ ಅಪ್ಪನಿಗೆ ಊಟ ತೆಗೆದುಕೊಂಡು ಸ್ಟ್ಯಾಂಡಿಗೆ ಹೋದೆ. ಗಾಡಿ ಓಡಿಸದ ದಿನವೂ ಅವನು ಅಲ್ಲೇ, ಗಾಡಿಯ ನೆರಳಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು. ಸೀಟು ತುಂಬಿಸುವ ಖಮೀಸ್ ಗಂಟಲು ಹರಿದುಕೊಳ್ಳುತ್ತಿದ್ದ: "ಸ್ಫಾಕ್ಸ್! ಸ್ಫಾಕ್ಸ್! ಇನ್ನೆರಡು ಸೀಟು! ಅಕ್ಕಾ, ನಿನ್ನ ಗಂಟು ಮಡಿಲಲ್ಲಿಟ್ಕೋ, ಅದಕ್ಕೂ ಸೀಟು ಕೇಳಬೇಡ!"

ನಾನು ಹತ್ತಿರ ಬರುವಷ್ಟರಲ್ಲಿ ದಪ್ಪ ಮೀಸೆಯ ಒಬ್ಬ ನಮ್ಮ ಗಾಡಿಯ ಟೈರಿಗೆ ಒದ್ದು ನೋಡುತ್ತಿದ್ದ.

"ಮೊಂಜಿ ಗಾಡಿ ಇದೇನಾ?"

"ಇದೇ," ಅಪ್ಪ ಅಂದ. "ಟೈರಿಗೆ ಒದೀಬೇಡಿ. ಅದೇನೂ ತಪ್ಪು ಮಾಡಿಲ್ಲ."

"ನೀನ್ಯಾರು?"

"ಗಾಡಿ ತೊಳೆಯೋನು."

ಗಿರಾಕಿ ಬಾಗಿಲು ತೆರೆದು ಮುಚ್ಚಿದ. "ಮಗ ಮಾರ್ತಿದಾನೆ. ಪಾಪ, ಮೊಂಜಿಗೆ ಆ ಕಾಯಿಲೆಯಂತಲ್ಲ. ಎಷ್ಟು ದಿನಾನೋ ಏನೋ."

"ಅದು ದೇವರಿಗೆ ಬಿಟ್ಟಿದ್ದು," ಅಪ್ಪ ಅಂದ. "ಆದ್ರೆ ಕ್ಲಚ್ ಮಾತ್ರ ಹೊಸದು. ಹೋದ ತಿಂಗಳು ತಾನೇ ಹಾಕಿಸಿದಾನೆ. ಸಾಯೋನು ಯಾಕೆ ಹೊಸ ಕ್ಲಚ್ ಹಾಕಿಸ್ತಾನೆ, ಹೇಳಿ?"

ಖಮೀಸ್ ಕೂಗುವುದನ್ನು ನಿಲ್ಲಿಸಿದ್ದ. ಸ್ಟ್ಯಾಂಡಿನವರೆಲ್ಲ ಸಿಗರೇಟು ಹಚ್ಚಿಕೊಳ್ಳುವುದರಲ್ಲಿ ಮುಳುಗಿಹೋದರು. ಗಿರಾಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ.

ಅಪ್ಪ ನನ್ನ ಕೈಯಲ್ಲಿದ್ದ ಊಟ ನೋಡಿದ, ನನ್ನನ್ನು ನೋಡಿದ. "ಒಳಗೆ ಕೂತ್ಕೋ."

ಅವನು ಡ್ರೈವರ್ ಸೀಟಿನಲ್ಲಿ, ನಾನು ಪಕ್ಕದಲ್ಲಿ. ಬ್ರೆಡ್ಡನ್ನು ಎರಡಾಗಿ ಮುರಿದು ಒಂದು ಭಾಗ ನನಗೆ ಕೊಟ್ಟ.

"ಮೂಲವ್ಯಾಧಿಗೆ ಆ ಕಟ್ಟಡಕ್ಕೆ ಯಾರೂ ಹೋಗಲ್ಲ, ಮಗಳೇ. ಆ ಗೇಟಿನ ಮುಂದೆ ಇಷ್ಟು ವರ್ಷದಿಂದ ಜನಾನ ಇಳಿಸ್ತಾ ಬಂದೋನು ನಾನು. ಹೋಗುವಾಗ ಕೂದಲಿರುತ್ತೆ, ಬರುವಾಗ ಇರಲ್ಲ. ನಿಮ್ಮಣ್ಣ ಜಾಕೆಟ್ ಹಿಡಕೊಂಡು ಗೋಡೆ ಮುಂದೆ ನಿಂತ ನೋಡು, ನಗು ತಡೆಯೋಕೆ ನಾನು ಒಳಗೆ ಓಡಿದೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನಂಗೇನೂ ಗೊತ್ತಿಲ್ಲ ಅನ್ಕೊಂಡು ನಿಮ್ಮಮ್ಮ ಅಷ್ಟಾದ್ರೂ ನಿದ್ದೆ ಮಾಡ್ತಿದ್ಲು. ಅದನ್ನ ಯಾಕೆ ಕೆಡಿಸಲಿ?" ಬ್ರೆಡ್ಡನ್ನು ಅಗಿಯದೆ ಸುಮ್ಮನೆ ಹಿಡಿದಿದ್ದ. "ಸುದ್ದಿ ಬಚ್ಚಿಟ್ರಿ, ಹೋಗಲಿ. ಗಾಡಿ ಮಾರೋಕೆ ಹೊರಟ್ರಲ್ಲ. ಆ ಇಸ್ತಾಂಬುಲ್ ಕಾಗದ ಮನೇಲಿ ನಾನೂ ನೋಡಿದೀನಿ. ಇದು ಇಲ್ಲದೆ ಆ ಆಪರೇಷನ್ ಮಾಡಿಸಿ ನಾನು ಏನು ಮಾಡಲಿ? ಸಮುದ್ರ ನೋಡಲಾ?"

ಬ್ರೆಡ್ಡನ್ನು ಪಕ್ಕಕ್ಕಿಟ್ಟೆ. ಚೀಲದ ವಿಷಯ ಹೇಳಿದೆ. ಎರಡು ದಾರಿಯ ವಿಷಯ ಹೇಳಿದೆ. ಡಾಕ್ಟರು ಬರೆದ ಕೊಳವೆಯನ್ನು ಗಾಜಿನ ಧೂಳಿನ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ.

"ವಸೀಲಾ ಗೊತ್ತಲ್ಲ ನಿಂಗೆ, ಮೊದಲ ಸೀಟೇ ಬೇಕು ಅನ್ನೋಳು," ಅಂದ. "ಅವಳಿಗೆ ಜೋಡಿಸಿದಾರೆ. ಸ್ಫಾಕ್ಸ್ ಸೇರೋದರೊಳಗೆ ಪ್ರತಿ ಪೆಟ್ರೋಲ್ ಬಂಕಲ್ಲೂ ನಿಲ್ಲಿಸಬೇಕು. ಜನ ಬಯ್ತಾರೆ, ಅವಳೂ ತಿರುಗಿ ಬಯ್ತಾಳೆ. ಮೇಷ್ಟ್ರು ತಿಜಾನಿಗೆ ಚೀಲ. ಹತ್ತಿದೋರು ಇಳಿಯೋ ತನಕ ಏಳಲ್ಲ. ಮಾತು ನಿಲ್ಸಲ್ಲ, ಅದೊಂದೇ ಕಷ್ಟ." ಆಮೇಲೆ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟ. "ವಸೀಲಾ ಅಂದ್ರೆ ನಾನು ನಿಲ್ಲಿಸ್ತೀನಿ. ನಂಗೆ ಬಂದ್ರೆ? ಎಂಟು ಜನಾನ ರಸ್ತೆ ಮಧ್ಯ ಬಿಟ್ಟು ಓಡಲಾ?"

ಎಂಥ ಮನುಷ್ಯನನ್ನು ಇಷ್ಟು ತಿಂಗಳು ಮಗುವಿನಂತೆ ನಡೆಸಿಕೊಂಡರು! ಲಸ್ಸಾದ್‌ಗೆ ಇವತ್ತು ಮುಖಕ್ಕೇ ಹೇಳಿದೆ, ನೀನು ಹೇಡಿ ಎಂದು. ಅವನು, "ನಾವು" ಅಂದ.

ಬರೆದಿದ್ದ ಕರಪತ್ರ ಜೇಬಿನಲ್ಲೇ ಇತ್ತು. ಅಪ್ಪನಿಗೆ ತೋರಿಸುವ ಮನಸ್ಸಾಗಲಿಲ್ಲ. ಉದ್ದವಾಯಿತೇನೋ.

ಆಗಸ್ಟ್ ೨೮, ಬುಧವಾರ

ಅಮ್ಮನಿಗೆ ಅಪ್ಪನೇ ಹೇಳಿದ. ಅವಳು ಮೊದಲು ಅತ್ತಳು, ಆಮೇಲೆ ಸಿಟ್ಟಾದಳು. "ಗೊತ್ತಿದ್ದೂ ನನ್ನ ಮುಂದೆ ಅಂಜೂರ ತಿಂದ್ಯಲ್ಲ!"

"ಅಂಜೂರ ಚೆನ್ನಾಗಿತ್ತು."

ಆಮೇಲೆ ಅವಳ ನಿಜವಾದ ಭಯ ಹೊರಬಂತು. "ಹೊಟ್ಟೆ ಮೇಲೆ ಅದನ್ನ ಹೊತ್ಕೊಂಡು ನಮಾಜಿಗೆ ಹೇಗೆ ನಿಲ್ತೀಯ?"

"ಮೇಷ್ಟ್ರ ಚೀಲ ನೋಡಿ ಜೂನ್‌ನಲ್ಲೇ ಕೇಳಿದೀನಿ. ಆಸ್ಪತ್ರೆ ಗೇಟಿನ ಪಕ್ಕದ ಮಸೀದಿ ಇಮಾಮರನ್ನ. ಪ್ರತಿ ನಮಾಜಿಗೂ ಹೊಸದಾಗಿ ಕೈಕಾಲು ಮುಖ ತೊಳೆದು ವುಜೂ ಮಾಡ್ಕೊಂಡು ನಿಲ್ಲು ಅಂದ್ರು. ಕೈಲಾಗದ್ದನ್ನ ದೇವರು ಕೇಳಲ್ಲವಂತೆ. ದಿನಾ ಯಾರಾದ್ರೂ ಒಬ್ಬರು ಬಂದು ಇದನ್ನೇ ಕೇಳ್ತಾರಂತೆ ಅವರನ್ನ."

ಜೂನ್‌ನಲ್ಲೇ! ಡಾಕ್ಟರನ್ನು ಕೇಳಲು ಆಗದ ಪ್ರಶ್ನೆಯನ್ನು ಅವನು ಒಬ್ಬನೇ ಹೋಗಿ ಇಮಾಮರನ್ನು ಕೇಳಿ ಬಂದಿದ್ದ. ನಾವು ಆಗ ಹೊರಗೆ ಅವನಿಗಾಗಿ ಕಾಯುತ್ತಾ ಮುಂದಿನ ಸುಳ್ಳನ್ನು ಹೊಂದಿಸುತ್ತಿದ್ದೆವು.

ಆಗಸ್ಟ್ ೨೯, ಗುರುವಾರ

ಅಪ್ಪ ಆ ಕುರ್ಚಿಯಲ್ಲಿ ಕೂತ. ಲಸ್ಸಾದ್ ಕಾಫಿಗೆ ಹೋದ.

ಡಾಕ್ಟರ್ ಸಾಸಿ ಮತ್ತೆ ಕೊಳವೆ ಬರೆದರು. ಅಪ್ಪ ಕೇಳಿದ ಪ್ರಶ್ನೆಗಳು ನನ್ನ ಯಾವ ಕರಪತ್ರದಲ್ಲೂ ಇರಲಿಲ್ಲ. ಎಷ್ಟು ಹೊತ್ತು ಒಂದೇ ಕಡೆ ಕೂರಬಹುದು? ಕ್ಲಚ್ ತುಳಿದರೆ ಹೊಲಿಗೆ ಎಳೆಯುತ್ತದಾ? ರಸ್ತೆ ಕೆಟ್ಟಿರುವ ಕಡೆ ಗಾಡಿ ಕುಲುಕಿದರೆ? ಕೊನೆಗೆ, ನನ್ನತ್ತ ನೋಡದೆ, ದನಿ ತಗ್ಗಿಸಿ, ಹೆಂಡತಿಯ ಜೊತೆ ಮೊದಲಿನ ಹಾಗೆ ಇರಬಹುದಾ ಎಂದು ಕೇಳಿದ. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

ಡಾಕ್ಟರು ಸಿಹಿ ಮಾತಾಡಲಿಲ್ಲ. ಆ ಕಡೆಯ ನರಗಳಿಗೆ ಪೆಟ್ಟಾಗಬಹುದು, ಎರಡು ದಾರಿಯಲ್ಲೂ ಆ ಭಯ ಇದೆ ಅಂದರು. ಎಲ್ಲ ತೆಗೆದರೆ ಕೆಳಗಿನ ಗಾಯ ಮಾಯಲು ತುಂಬ ಸಮಯ ಬೇಕು, ವಿಕಿರಣ ಬಿದ್ದ ಚರ್ಮ ಹಟಮಾರಿ ಅಂದರು. ಜೋಡಿಸಿದರೆ ಜೋಡಣೆ ಸೋರುವ ಅಪಾಯ ಇದೆ ಅಂದರು.

"ನೀವೇ ನನ್ನ ಜಾಗದಲ್ಲಿದ್ರೆ?" ಅಪ್ಪ ಕೇಳಿದ.

"ನಾನು ನಿಂತು ಕೆಲಸ ಮಾಡೋನು, ಅಮ್ ಮೊಂಜಿ. ಪಕ್ಕದಲ್ಲೇ ಟಾಯ್ಲೆಟ್ ಇದೆ. ನಾನು ಬಹುಶಃ ಜೋಡಿಸ್ಕೋತಿದ್ದೆ."

"ನಂದು ಕೂತು ಮಾಡೋ ಕೆಲಸ," ಅಪ್ಪ ಅಂದ. "ತೆಗೆದುಬಿಡಿ."

ಚೀಲದ ಜಾಗ ಗುರುತು ಮಾಡಲು ಒಬ್ಬ ನರ್ಸ್ ಬಂದಳು. ಮಲಗಿಸಿದಳು, ನಿಲ್ಲಿಸಿದಳು. ಅಪ್ಪ ಅಂದ: "ಹೀಗಲ್ಲಮ್ಮ. ನಾನು ದಿನವಿಡೀ ಹೀಗಿರೋದು." ಕುರ್ಚಿ ಎಳೆದು ಕೂತ, ಕಾಲು ಚಾಚಿದ, ಗಾಳಿಯಲ್ಲಿ ಸ್ಟೀರಿಂಗ್ ಹಿಡಿದ. ನರ್ಸ್ ನಕ್ಕು, ನನ್ನ ದುಪಟ್ಟಾ ಕೇಳಿ ತೆಗೆದುಕೊಂಡು, ಸೀಟ್ ಬೆಲ್ಟಿನಂತೆ ಅವನ ಎಡಭುಜದಿಂದ ಬಲಸೊಂಟಕ್ಕೆ, ಅಲ್ಲಿಂದ ಮಡಿಲ ಮೇಲೆ ಅಡ್ಡಲಾಗಿ ಹಿಡಿದಳು. ಬೆಲ್ಟಿನ ಗೆರೆಗಿಂತ ಮೇಲೆ, ಹೊಟ್ಟೆಯ ಮಡಿಕೆ ಇಲ್ಲದ ಕಡೆ, ಎಡಕ್ಕೆ, ನೀಲಿ ಪೆನ್ನಿನಿಂದ ಒಂದು ಸುತ್ತು ಬರೆದಳು. ಅಪ್ಪ ಒಮ್ಮೆ ಗೇರು ಬದಲಿಸಿ ನೋಡಿದ. ಎಡಕ್ಕೆ ತಿರುಗಿ ನೋಡಿದ.

"ಸರಿಯಾಗಿದೆ," ಅಂದ. "ಹೊರಡಬಹುದು."

ಸೆಪ್ಟೆಂಬರ್ ೧೧, ಬುಧವಾರ

ಆಯಿತು. ತೂತುಗಳಿಂದಲೇ ಆಯಿತಂತೆ, ಹೊಟ್ಟೆ ಕೊಯ್ಯಬೇಕಾಗಲಿಲ್ಲ. ಅಪ್ಪನ ತುಟಿ ಬೆಳ್ಳಗಿದೆ. ಇನ್ನೇನೂ ಬರೆಯಲಾರೆ.

ಸೆಪ್ಟೆಂಬರ್ ೨೪, ಮಂಗಳವಾರ

ಯಾವ ಕರಪತ್ರವೂ ಇದನ್ನು ಹೇಳುವುದಿಲ್ಲ. ಹೊಟ್ಟೆಯ ಮೇಲಿನ ಕರುಳಿನ ತುದಿ ಚೆನ್ನಾಗಿದೆ, ಗುಲಾಬಿ ಬಣ್ಣಕ್ಕಿದೆ. ಕೆಳಗಿನ ಗಾಯ ಬಾಯಿ ಬಿಟ್ಟಿದೆ. ಅಪ್ಪ ಕೂರಲಾರ. ಕೂರುವುದಕ್ಕೆಂದೇ ಆರಿಸಿಕೊಂಡ ದಾರಿಯಲ್ಲಿ ಅವನಿಗೆ ಕೂರಲಾಗುತ್ತಿಲ್ಲ. ಚೀಲ ಬದಲಿಸುವಾಗ ಗೋಡೆ ಕಡೆ ಮುಖ ತಿರುಗಿಸುತ್ತಾನೆ. ಇವತ್ತು ಅಮ್ಮನೂ ನಾನೂ ಬದಲಿಸುತ್ತಿದ್ದಾಗ ಕೇಳಿದ:

"ತಪ್ಪು ಮಾಡಿದೆನಾ?"

ನನ್ನ ಹತ್ತಿರ ಮಾತುಗಳಿದ್ದವು. ತುಂಬ ಇದ್ದವು. ಬೇಸಿನ್ ಹಿಡಿದುಕೊಂಡು ನಿಂತೆ. ಅಮ್ಮ ಬೆಚ್ಚಗಿನ ನೀರಲ್ಲಿ ಬಟ್ಟೆ ಹಿಂಡಿ ಒರೆಸುತ್ತಾ, "ಕ್ಯಾನ್ಸರ್ ಹೋಯ್ತಲ್ಲ," ಅಂದಳು. ಆ ಪದವನ್ನು ಅವಳ ಬಾಯಲ್ಲಿ ಕೇಳಿದ್ದು ಮೊದಲ ಸಲ. ಅಪ್ಪ ಗೋಡೆಯಿಂದ ತಿರುಗಿ ಅವಳನ್ನು ನೋಡಿದ.

ಅಕ್ಟೋಬರ್ ೧೦, ಗುರುವಾರ

ಪ್ರಯೋಗಾಲಯದ ವರದಿ ಬಂತು. ಅಂಚು ಚೊಕ್ಕಟ. ಸುತ್ತಲ ಗ್ರಂಥಿಗಳಲ್ಲೂ ಏನಿಲ್ಲ. ಡಾಕ್ಟರ್ ಸಾಸಿ ಅದನ್ನು ನನ್ನ ಕೈಗೂ ಲಸ್ಸಾದನ ಕೈಗೂ ಕೊಡದೆ ಅಪ್ಪನ ಕೈಗೆ ಕೊಟ್ಟು ವಿವರಿಸಿದರು. "ಮುಂದೂ ತಪಾಸಣೆಗೆ ಬರ್ತಾ ಇರಬೇಕು. ತಿರುಗಿ ಬರಲ್ಲ ಅಂತ ನಾನು ಆಣೆ ಇಡಲ್ಲ," ಅಂದರು. ಅಪ್ಪ ಅವರ ಕೈ ಹಿಡಿದುಕೊಂಡ.

ಆದರೆ ಇದನ್ನು ಬರೆಯದೆ ಬಿಡಲಾರೆ. ಮೂರು ಸಲ ವಿಮಾ ಕಚೇರಿಯ ಔಷಧಾಲಯಕ್ಕೆ ಹೋದೆ, ಚೀಲಗಳಿಲ್ಲ. "ಮುಂದಿನ ವಾರ" ಅನ್ನುತ್ತಾರೆ. ಹೊಟ್ಟೆ ಮುಂದಿನ ವಾರಕ್ಕೆ ಕಾಯುತ್ತದೆಯೇ? ಕಿಟಕಿಯ ಹಿಂದಿನ ಹೆಂಗಸಿಗೆ ಹೇಳಿದೆ, ನಾಳೆ ನಿಮಗೂ ಟಾಯ್ಲೆಟ್ಟಿಗೆ ಮುಂದಿನ ವಾರ ಹೋಗಿ ಎಂದು ಯಾರಾದರೂ ಹೇಳಲಿ ಎಂದು. ಕೊನೆಗೆ ಮೇಷ್ಟ್ರು ತಿಜಾನಿ ತಮ್ಮ ಮನೆಯಲ್ಲಿದ್ದುದನ್ನು ಒಂದು ಟೋಪಿಯೊಳಗೆ ತುಂಬಿ ತಂದುಕೊಟ್ಟರು. ಕೂತು ಒಂದು ಸಂಜೆಯಿಡೀ ಮಾತಾಡಿದರು. ಅವರು ಹೋದ ಮೇಲೆ ಅಪ್ಪ ಮೊದಲ ಸಲ ತಾನೇ ಚೀಲ ಬದಲಿಸಿಕೊಂಡ. ಅವರು ತೋರಿಸಿಕೊಟ್ಟಿದ್ದರಂತೆ.

ನವೆಂಬರ್ ೨೮, ಗುರುವಾರ

ಗಾಯ ಕೂಡಿಕೊಂಡಿದೆ. ಅಪ್ಪ ಇವತ್ತು ಸ್ಫಾಕ್ಸ್‌ಗೆ ಗಾಡಿ ಓಡಿಸಿದ. ಸೀಟಿನ ಮೇಲೆ ದಿಂಬು, ಸೊಂಟಕ್ಕೆ ಬೆಲ್ಟು, ಬೆಲ್ಟಿನ ಮೇಲೆ ಅಂಗಿ ಸ್ವಲ್ಪ ಉಬ್ಬಿದೆ, ಅಷ್ಟೇ. ನಾನು ಜೊತೆಗೆ ಹೋಗಿದ್ದೆ. ವಸೀಲಾ ಮುಂದಿನ ಸೀಟಿನಲ್ಲಿ. ಮೊದಲ ಬಂಕಿನಲ್ಲೇ ಕೂಗಿದಳು: "ಮೊಂಜಿ, ನಿಲ್ಸು!"

"ನಂಗೆ ಹೊಟ್ಟೆಕಿಚ್ಚು ಆಗ್ತಿದೆ," ಅಪ್ಪ ಅಂದ. "ನೀನು ಇಳಿದು ಗಾಳಿ ತಗೋತೀಯ, ನಾನು ಇಲ್ಲೇ ಕೊಳೀತೀನಿ."

"ಬದಲಾಯಿಸ್ಕೊಳ್ಳೋಣ್ವಾ?" ಅವಳು ಇಳಿಯುತ್ತಾ ಅಂದಳು. "ಬೇಡಪ್ಪಾ. ನಂಗೆ ನನ್ನ ಬಂಕುಗಳೇ ಸರಿ. ನನ್ನ ಹೊಟ್ಟೆ ಮೇಲೆ ಏನೂ ಇಲ್ಲ, ಗೊತ್ತಾ?" ಎಂದು ಎದೆ ಸೆಟೆಸಿ ಟಾಯ್ಲೆಟ್ಟಿನ ಕಡೆ ಓಡಿದಳು.

ಸಂಜೆ ಸ್ಟ್ಯಾಂಡಿಗೆ ವಾಪಸು ಬಂದಾಗ ಖಮೀಸ್ ಅಪ್ಪನನ್ನು ಪಕ್ಕಕ್ಕೆ ಕರೆದ. ಅವನ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಅವನ ಅಣ್ಣ ಅಮೋರನಿಗೂ ಇದೇ ಆಗಿದೆ, ಇದೇ ಜಾಗದಲ್ಲಿ. ಯಾವ ಆಪರೇಷನ್ ಎಂದು ಮುಂದಿನ ವಾರ ಹೇಳಬೇಕು. "ನಾವು ಮನೆಯೋರೆಲ್ಲ ಸೇರಿ ಜೋಡಿಸೋದೇ ಅಂತ ತೀರ್ಮಾನ ಮಾಡಿದೀವಿ. ನೀನೇನಂತೀಯ?"

"ಅಮೋರ್ ಏನಂತಾನೆ?"

"ಅವನಿಗೆ…" ಖಮೀಸ್ ನೆಲ ನೋಡಿದ. "ಮೂಲವ್ಯಾಧಿ ಅಂತ ಹೇಳಿದೀವಿ."

ನನ್ನ ತಲೆ ಕುದಿಯಿತು. ಬಾಯಿ ತೆರೆದಿದ್ದೆ. ಅಪ್ಪ ನನಗಿಂತ ಮೊದಲು ಕೂಗಿದ. ಆಸ್ಪತ್ರೆಯಲ್ಲೂ, ಗಿರಾಕಿಯ ಮುಂದೆಯೂ, ಗಾಯ ಬಾಯಿ ಬಿಟ್ಟಾಗಲೂ ಕೂಗದವನು ಸ್ಟ್ಯಾಂಡಿನ ಮಧ್ಯೆ ಕೂಗಿದ:

"ಯಾರ ಕುಂಡೆ ಕಣೋ ಅದು? ನಿಂದಾ? ಅವನದನ್ನ ಅವನು ಕೇಳಿ ಕೊಯ್ಸಿಕೊಳ್ಳಲಿ! ಪಕ್ಕದ ಕೆಫೆಗೆ ಕರಕೊಂಡು ಬಾ ಅವನನ್ನ. ವಸೀಲಾನೂ ಇರ್ತಾಳೆ, ಮೇಷ್ಟ್ರೂ ಇರ್ತಾರೆ, ನಾನೂ ಇರ್ತೀನಿ. ಯಾರದ್ದು ಹೇಗಿದೆ ಅಂತ ನೋಡಲಿ, ಕೇಳಲಿ. ಆಮೇಲೆ ಅವನಿಷ್ಟ. ಅವನನ್ನ ನಮ್ಮ ಮೇಜಿನ ಹತ್ರ ಬಿಟ್ಟು, ನೀನು ಹೋಗಿ ಕಾಫಿ ಕುಡಿ!"

ಖಮೀಸ್ ಅತ್ತ. ಆಮೇಲೆ ಆಗಲಿ ಅಂದ. ತನಗೆ ಗೊತ್ತಿರುವ ಇನ್ನೂ ಇಬ್ಬರು ಮೂಲವ್ಯಾಧಿಯವರಿದ್ದಾರೆ ಎಂದೂ ಹೇಳಿದ.

ಅಂಗಡಿಗೆ ಬಂದು ಕರಪತ್ರ ಬರೆಯಲು ಕೂತೆ. ಬಿಸಿ ಇರುವಾಗಲೇ ಬರೆಯಬೇಕು. ಅರ್ಧ ಪುಟ ತುಂಬಿಸಿ ಅಪ್ಪನಿಗೆ ಓದಿ ಹೇಳಿದೆ. ಅವನು ಕನ್ನಡಕ ತೆಗೆದ. "ಇದನ್ನ ಓದಿ ಮುಗಿಸೋದರೊಳಗೆ ಗಾಡಿ ಹೊರಟೋಗುತ್ತೆ, ಮಗಳೇ."

"ಮತ್ತೆ ಏನು ಬರೀಲಿ?"

ಅವನು ಹೇಳಿದ. ಹೇಳಿದಷ್ಟನ್ನೇ ಬರೆದು, ನೂರು ಪ್ರತಿ ತೆಗೆದು, ಗಫ್ಸಾದಿಂದ ಹೊರಡುವ ಪ್ರತಿ ಲುವಾಜಿನ ಗಾಜಿಗೂ ಅಂಟಿಸಿ ಬಂದೆವು:

'ಮೂಲವ್ಯಾಧಿ ಎಂದು ಸ್ಫಾಕ್ಸ್‌ಗೆ ಕಳಿಸಿದ್ದಾರೆಯೇ? ಲುವಾಜ್ ಸ್ಟ್ಯಾಂಡಿನ ಪಕ್ಕದ ಕೆಫೆಗೆ ನೀವೇ ಬನ್ನಿ. ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ.'